ಎರಡನೆಯ ಗುಂಡು

“ಗುರುಗಳೇ, ನನ್ನ ಮಂತ್ರವನ್ನು ಬದಲಾಯಿಸಿ ಕೊಡುತ್ತೀರಾ?” ಎಂದು ಶಿಷ್ಯ ಕೇಳಿದ.

ಗುರುಗಳು ಹುಣಸೆಹಣ್ಣಿನ ನಾರು ಬಿಡಿಸುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ. “ಈಗಿನದಕ್ಕೆ ಏನಾಗಿದೆ?” ಎಂದರು.

“ಕೆಲಸ ಮಾಡುತ್ತಿಲ್ಲ. ಜೊತೆಯವನು ತೀರಿಕೊಂಡು ವರ್ಷವಾಯಿತು. ನೀವು ಹೇಳಿದಷ್ಟು ಜಪ ಮಾಡಿದ್ದೇನೆ, ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ್ದೇನೆ. ದುಃಖ ಇದ್ದಲ್ಲೇ ಇದೆ. ಮಂತ್ರದಲ್ಲೇ ಏನೋ ಐಬಿದೆ ಅನಿಸುತ್ತದೆ. ಬದಲಾಯಿಸಿ ಕೊಡದಿದ್ದರೆ ಮಠ ಬಿಟ್ಟು ಹೋಗುತ್ತೇನೆ.”

ಜೊತೆಯವನು ಎಂದರೆ ಇವನ ಸಂಗಡವೇ ಮಠಕ್ಕೆ ಬಂದ ಇನ್ನೊಬ್ಬ ಶಿಷ್ಯ. ಹನ್ನೆರಡು ವರ್ಷ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಪಾಠ ಕೇಳಿದ್ದರು. ಆ ಚಾಪೆ ಈಗಲೂ ಅಲ್ಲೇ ಇತ್ತು. ಶಿಷ್ಯ ಅದರ ಎಡ ಅಂಚಿನಲ್ಲಿ, ಒಂದು ಮೊಣಕಾಲು ನೆಲಕ್ಕೆ ತಾಗುವಂತೆ ಕುಳಿತಿದ್ದ. ಗುರುಗಳ ಕಣ್ಣು ಒಮ್ಮೆ ಚಾಪೆಯ ಕಡೆ ಹೋಗಿ ಬಂತು.

“ಒಂದು ಕೋವಿಯ ಕತೆ ಹೇಳುತ್ತೇನೆ, ಕೇಳು. ಮಠದಲ್ಲಿ ಕೋವಿಯ ಕತೆಯೇ ಎಂದು ಹುಬ್ಬು ಹಾರಿಸಬೇಡ. ಮಂತ್ರದ ಕತೆಗಳನ್ನು ನೀನು ಬೇಕಾದಷ್ಟು ಕೇಳಿದ್ದೀ. ಅವುಗಳಿಂದ ಏನಾಯಿತು ಎಂದು ಈಗಷ್ಟೇ ನೀನೇ ಹೇಳಿದೆ,” ಎಂದು ಗುರುಗಳು ಶುರುಮಾಡಿದರು.

ಒಂದು ಬೆಟ್ಟದ ನಾಡಿನಲ್ಲಿ ಕೋವಿ ರಿಪೇರಿಯ ಒಬ್ಬ ಆಚಾರಿ ಇದ್ದ. ಸುತ್ತಲ ಏಳು ಊರಿನಲ್ಲಿ ಯಾರ ಕೋವಿ ಕೆಟ್ಟರೂ ಅವನ ಕೊಲಿಮೆಗೇ ಬರಬೇಕು. ಅವನ ಕೈ ಒಳ್ಳೆಯದು. ಬಾಯಿ ಅಷ್ಟು ಒಳ್ಳೆಯದಲ್ಲ. ಕೋವಿ ತಂದವರ ಮಾತನ್ನು ಅವನು ಅರ್ಧ ಮಾತ್ರ ಕೇಳುತ್ತಿದ್ದ. ಉಳಿದರ್ಧವನ್ನು ಕೋವಿಯೇ ಹೇಳುತ್ತದೆ ಎನ್ನುತ್ತಿದ್ದ.

ಆ ಕೊಲಿಮೆಗೆ ಒಂದು ಕಟ್ಟಳೆಯಿತ್ತು. ಕೋವಿ ಒಳಗೆ ಬಂದರೆ, ಸರಿಹೋಗಿ ಹೊರಗೆ ಹೋಗುವ ತನಕ ಅದರ ಒಡೆಯ ಅದನ್ನು ಮುಟ್ಟುವಂತಿಲ್ಲ. ಇದು ಅಜ್ಜನ ಕಾಲದಿಂದ ಬಂದದ್ದು. ಯಾವನೋ ಅವಸರಗೇಡಿ ಕೊಲಿಮೆಯೊಳಗೇ ಗುಂಡು ಹಾರಿಸಿ ಅಜ್ಜನ ನೀರಿನ ಮಡಕೆ ಒಡೆದಿದ್ದನಂತೆ. ಮಡಕೆ ಹೋಗಿ ಎಷ್ಟೋ ಕಾಲವಾಗಿತ್ತು, ಕಟ್ಟಳೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ನಮ್ಮ ಮಠದಲ್ಲೂ ಅಂಥವು ನಾಲ್ಕಾರು ಇವೆ, ಇರಲಿ.

ಆ ನಾಡಿನವರು ಸುದ್ದಿಯನ್ನು ಕೋವಿಯಿಂದ ಹೇಳುತ್ತಿದ್ದರು. ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ. ಓಡಿ ಹೋಗಿ ಹೇಳುವುದಾದರೆ ಅರ್ಧ ದಿನ ಬೇಕು. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸುತ್ತಿದ್ದರು. ಯಾರಾದರೂ ತೀರಿಕೊಂಡರೆ ಎರಡು, ಒಂದರ ಬೆನ್ನಿಗೆ ಇನ್ನೊಂದು. ಜೋಡಿ ಗುಂಡು ಕೇಳಿದವರು ಬಾಯಿಗೆ ಹೋಗುವ ತುತ್ತನ್ನು ಅಲ್ಲೇ ಬಿಟ್ಟು ಏಳುತ್ತಿದ್ದರು. ಸಂಜೆ ಗದ್ದೆಯ ಕಡೆ ಕೇಳಿದರೆ ಅದು ಹಂದಿಗೆ ಹೊಡೆದದ್ದು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೆಳಗಿನ ಹೊತ್ತು ಕೇಳಿದ್ದು ಮಾತ್ರ ಸುದ್ದಿ.

ಒಂದು ದಿನ ಒಬ್ಬ ಮುದಿ ರೈತ ಕೊಲಿಮೆಗೆ ಬಂದ. ಸೂತಕವಿದ್ದುದರಿಂದ ಒಳಗೆ ಕಾಲಿಡಲಿಲ್ಲ. ಹೊಸಿಲ ಹೊರಗೆ ನಿಂತು ಎರಡೂ ಕೈಯಿಂದ ಕೋವಿ ಚಾಚಿದ.

“ಆಚಾರ್ರೇ, ಇದು ಖಾಲಿ ತೋಟಾ ಎಸೀತಾ ಇಲ್ಲ. ಬೋಲ್ಟ್ ಎಳೀತೀನಿ, ಖಾಲಿಯಾದದ್ದು ಹೊರಗೆ ಬೀಳೋದಿಲ್ಲ. ತಿರುಗಿ ತಳ್ಳಿದ್ರೆ ಅದೇ ಒಳಗೆ ಹೋಗಿ ಕೂತ್ಕೊಳ್ತದೆ. ಹನ್ನೊಂದನೇ ದಿನದೊಳಗೆ ಸರಿ ಮಾಡ್ಕೊಡಿ.”

“ಹನ್ನೊಂದು ಯಾಕೆ?” ಎಂದು ಆಚಾರಿ ಕೇಳಿದ.

ರೈತ ಹೇಳಿದ. ಅವನ ಹೆಂಡತಿ ತೀರಿಕೊಂಡು ಮೂರು ದಿನವಾಗಿತ್ತು. ಅವಳ ಹೆಸರು ದೇಚವ್ವ. ಈ ಕತೆಯಲ್ಲಿ ಹೆಸರಿರುವುದು ಅವಳೊಬ್ಬಳಿಗೇ. ಮಕ್ಕಳಿಲ್ಲದ ಮನೆ, ಅವನಿಗೆ ಕರೆಯಲು ಬೇರೆ ಹೆಸರಿರಲಿಲ್ಲ.

ಬೆಳಗಿನ ಗಂಜಿಯ ಹೊತ್ತಿಗೆ ಅವಳ ಉಸಿರು ನಿಂತಿತು. ರೈತ ಕೋವಿ ತೆಗೆದುಕೊಂಡು ಅಂಗಳಕ್ಕೆ ಬಂದ. ಒಂದು ಗುಂಡು ಹಾರಿಸಿದ. ಬೋಲ್ಟ್ ಎಳೆದು ತಳ್ಳಿ, ಗುಂಡು ಹಾರಿಸುವ ಕುದುರೆಯನ್ನು ಬೆರಳಿನಿಂದ ಒತ್ತಿದ. ಚಟ್ ಎಂದಿತು, ಅಷ್ಟೇ. ಬಿಚ್ಚಿ ನೋಡಿದರೆ ಖಾಲಿ ತೋಟಾ ಒಳಗೇ ಇತ್ತು. ಮತ್ತೆ ಎಳೆದ, ಮತ್ತೆ ತಳ್ಳಿದ. ಚಟ್. ಎಷ್ಟು ಸಲ ಹಾಗೆ ಮಾಡಿದನೋ ಅವನಿಗೇ ಲೆಕ್ಕವಿಲ್ಲ. ಎರಡನೆಯ ಗುಂಡು ಹಾರಲಿಲ್ಲ.

ಎದುರು ಗುಡ್ಡದವರಿಗೆ ಒಂದೇ ಗುಂಡು ಕೇಳಿಸಿತು. ಯಾರ ಮನೆಯಲ್ಲೋ ಗಂಡು ಮಗು ಎಂದುಕೊಂಡು ನಕ್ಕರು, ತಮ್ಮ ಕೆಲಸಕ್ಕೆ ಹೋದರು. ರೈತ ಹೆಣವನ್ನು ಒಂಟಿಯಾಗಿ ಬಿಟ್ಟು ಹೋಗುವಂತಿರಲಿಲ್ಲ. ಹೊಸಿಲ ಮೇಲೆ ಕುಳಿತು ದಾರಿ ನೋಡಿದ. ಬೆಳಗು ಕಳೆಯಿತು, ಮಧ್ಯಾಹ್ನ ಕಳೆಯಿತು, ಯಾರೂ ಬರಲಿಲ್ಲ. ಬಿಸಿಲು ಇಳಿಯುವಾಗ ಆಚೆ ಗುಡ್ಡದ ಒಬ್ಬ ಹೆಂಗಸು ಬಂದಳು. ಮಗು ಯಾರ ಮನೆಯದೆಂದು ಗೊತ್ತಾಗದೆ ಮನೆಯಿಂದ ಮನೆಗೆ ಕೇಳುತ್ತ ಬಂದಿದ್ದಳು. ಅವಳ ಕೈಯಲ್ಲಿ ಬಾಣಂತಿಗೆಂದು ತಂದ ತುಪ್ಪದ ತಂಬಿಗೆ ಇತ್ತು. “ಇಲ್ಲೇನಣ್ಣಾ ಮಗು?” ಎಂದು ನಗುತ್ತ ಕೇಳಿದಳು.

ಸುದ್ದಿ ಊರಿಗೆ ಗೊತ್ತಾದದ್ದು ಹಾಗೆ. ಜನ ಬಂದರು, ಮಣ್ಣು ಮಾಡಿದರು. ಆದರೆ ಜೋಡಿ ಗುಂಡು ಹಾರದೆ ಹೋದವಳು ಸರಿಯಾಗಿ ಹೋದ ಹಾಗಾಗಲಿಲ್ಲ ಎಂದು ಹಿರಿಯರಿಗೆ ಅನಿಸಿತು. ಹನ್ನೊಂದನೆಯ ದಿನ ಬೆಳಗ್ಗೆ ಹಾರಿಸು, ಬೇಕಾದರೆ ನಮ್ಮ ಕೋವಿ ತೆಗೆದುಕೋ ಎಂದರು. ರೈತ ಒಪ್ಪಲಿಲ್ಲ. “ತಪ್ಪಿ ಹೇಳಿದ್ದು ಈ ಕೋವಿ. ಸರಿಯಾಗಿ ಹೇಳ್ಬೇಕಾದ್ದೂ ಇದೇ,” ಎಂದ.

ಆಚಾರಿಗೆ ಕನಿಕರವಾಯಿತು. ಜೊತೆಗೆ ಕೈಯೂ ತುರಿಸಿತು. ಅವನಿಗೆ ಇದು ಎಷ್ಟರ ಕೆಲಸ?

ಆ ಬಗೆಯ ಕೋವಿಯಲ್ಲಿ ಖಾಲಿ ತೋಟಾ ಹೊರಗೆ ಬೀಳಲು ಎರಡು ಕೆಲಸ ನಡೆಯಬೇಕು. ಕೋವಿಯ ಬೆನ್ನಿನಲ್ಲಿ ಹಿಂದೆ ಮುಂದೆ ಜಾರುವ ಬೋಲ್ಟಿನ ತುದಿಯಲ್ಲಿರುವ ಕೊಕ್ಕೆ ತೋಟಾದ ಅಂಚನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ಬೋಲ್ಟ್ ಪೂರಾ ಹಿಂದೆ ಬಂದಾಗ ಒಂದು ಮೊಳೆ ಅಡ್ಡ ಸಿಕ್ಕಿ ತೋಟಾವನ್ನು ಬಲಗಡೆಗೆ ಒದೆಯುತ್ತದೆ. ಎಳೆಯುವವನು ಒಬ್ಬ, ಒದೆಯುವವನು ಇನ್ನೊಬ್ಬ. ಇಬ್ಬರಲ್ಲಿ ಸೋಮಾರಿ ಯಾರು ಎಂದು ಹುಡುಕುವುದೇ ಆಚಾರಿಯ ಪಾಂಡಿತ್ಯ.

ಅವನು ಮೊದಲು ತೋಟಾ ಕೂರುವ ಗೂಡನ್ನು ನೋಡಿದ. ಮಸಿ ಕಟ್ಟಿತ್ತು. ಮಸಿ ಕಟ್ಟಿದ ಗೂಡಿನಲ್ಲಿ ತೋಟಾ ಕಚ್ಚಿಕೊಳ್ಳುತ್ತದೆ. ಕುದಿಯುವ ನೀರು ಹೊಯ್ದು, ಬ್ರಷ್ ಆಡಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿದ. ಊರೊಳಗೆ ಪರೀಕ್ಷೆಗೆಂದು ಗುಂಡು ಹಾರಿಸುವಂತಿಲ್ಲ. ಹಾರಿಸಿದರೆ ಯಾರೋ ತುಪ್ಪ ಹಿಡಿದುಕೊಂಡು ಬರುತ್ತಾರೆ. ಅದಕ್ಕೆಂದು ಅವನ ಹತ್ತಿರ ಮದ್ದಿಲ್ಲದ ಐದು ತೋಟಾಗಳಿದ್ದವು. ಐದನ್ನೂ ತುಂಬಿ ಬೋಲ್ಟ್ ಎಳೆದ. ಐದೂ ಟಣ್ ಟಣ್ ಎಂದು ಹಾರಿ ಗೋಡೆಗೆ ಬಡಿದವು. ಮರುದಿನ ರೈತ ಬಂದು ಕೋವಿ ಒಯ್ದ.

ಆರನೆಯ ದಿನ ರೈತ ತಿರುಗಿ ಬಂದ. ಹೊಸಿಲ ಹೊರಗೇ ನಿಂತ. “ನಿನ್ನೆ ಸಂಜೆ ಗದ್ದೇಲಿ ಹಾರಿಸಿ ನೋಡ್ದೆ, ಎಸೀಲಿಲ್ಲ ಆಚಾರ್ರೇ,” ಎಂದ.

ಆಚಾರಿಗೆ ಕೋಪ ಬಂತು. ಕೋಪ ರೈತನ ಮೇಲಲ್ಲ, ಕೊಕ್ಕೆಯ ಮೇಲೆ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದ. ಅಂಚು ಒಂದು ಕೂದಲೆಳೆಯಷ್ಟು ಸವೆದಿತ್ತು. ಇನ್ನೂ ಹತ್ತು ವರ್ಷ ಬಾಳುವ ಕೊಕ್ಕೆ. ಆದರೂ ಕಿತ್ತು ಬಿಸಾಡಿದ. ಉಕ್ಕು ಕಡಿದು ಹೊಸ ಕೊಕ್ಕೆ ಮಾಡಿದ, ಕಾಸಿ ಹದ ಹಾಕಿದ, ಕೂರಿಸಿದ. ಅಷ್ಟಕ್ಕೆ ಸುಮ್ಮನಾಗದೆ ಒದೆಯುವ ಮೊಳೆಯ ತುದಿಯನ್ನು ಅರದಿಂದ ಚೂಪು ಮಾಡಿ, ಅದರ ಹಿಂದಿನ ಸ್ಪ್ರಿಂಗನ್ನೂ ಬದಲಾಯಿಸಿದ. ಆಮೇಲೆ ಬೋಲ್ಟ್ ಎಳೆದರೆ ತೋಟಾ ಕೊಲಿಮೆಯ ಉದ್ದಕ್ಕೂ ಹಾರಿ ಮೂಲೆಯಲ್ಲಿ ಕಾವಿಗೆ ಕೂತಿದ್ದ ಕೋಳಿಗೆ ತಗಲಿತು. ಕೋಳಿ ಬೊಬ್ಬೆ ಹಾಕಿತು. ಆಚಾರಿಗೆ ಸಮಾಧಾನವಾಯಿತು.

ಹತ್ತನೆಯ ದಿನ ಬೆಳಗ್ಗೆ ರೈತ ಮತ್ತೆ ಹೊಸಿಲ ಹೊರಗೆ ನಿಂತಿದ್ದ. ಕೋವಿ ಚಾಚಿದ, ತಲೆ ತಗ್ಗಿಸಿದ.

ಆಚಾರಿ ಕೋವಿ ಇಸಿದುಕೊಂಡ. ತೋಟಾ ತುಂಬಿ ಎಳೆದ. ಹಾರಿತು. ಹತ್ತು ಸಲ ಎಳೆದ, ಹತ್ತು ಸಲವೂ ಹಾರಿತು. ಕೋಳಿ ಈಗಾಗಲೇ ಜಾಗ ಬದಲಾಯಿಸಿತ್ತು. ತನ್ನ ಕೈಯಲ್ಲಿ ಸರಿಯಾಗಿರುವುದು ಇವನ ಕೈಯಲ್ಲಿ ಯಾಕೆ ಕೆಡುತ್ತದೆ? ಆ ಪ್ರಶ್ನೆ ಅವನ ತಲೆಗೆ ಹೊಳೆದದ್ದೇ ಆಗ. ಮೂವತ್ತು ವರ್ಷ ಅವನು ಕೋವಿಗಳನ್ನು ನೋಡಿದ್ದ. ಕೋವಿ ಹಿಡಿಯುವ ಕೈಗಳನ್ನು ಒಮ್ಮೆಯೂ ನೋಡಿರಲಿಲ್ಲ. ಒಳಗೆ ಬಂದ ಕೋವಿಯನ್ನು ಒಡೆಯ ಮುಟ್ಟಬಾರದೆಂದು ಅವನ ಮನೆಯ ಕಟ್ಟಳೆಯೇ ಇತ್ತಲ್ಲ.

“ಯಜಮಾನ್ರೇ, ಒಳಗೆ ಬನ್ನಿ,” ಎಂದ.

“ಸೂತಕ.”

“ಇರ್ಲಿ, ಬನ್ನಿ. ಕೋವಿ ಹಿಡೀರಿ. ನಿಮ್ಮ ಗದ್ದೇಲಿ ಹೆಂಗೆ ಎಳೀತೀರೋ ಹಂಗೇ ಎಳೀರಿ.”

ರೈತ ಒಳಗೆ ಬಂದ. ಮದ್ದಿಲ್ಲದ ತೋಟಾ ತುಂಬಿದ ಕೋವಿಯನ್ನು ಹೆಗಲಿಗೆ ಏರಿಸಿದ. ಕುದುರೆ ಒತ್ತಿದ. ಬೋಲ್ಟನ್ನು ಎತ್ತಿ ಹಿಂದಕ್ಕೆ ಎಳೆದ. ನಯವಾಗಿ ಎಳೆದ, ಅವಸರವಿಲ್ಲದೆ ಎಳೆದ. ಕೊನೆಗೆ ಇನ್ನೊಂದು ಬೆರಳಗಲ ಉಳಿದಿರುವಾಗ ಅವನ ಕೈ ನಿಂತಿತು. ತೋಟಾ ಗೂಡಿನಿಂದ ಹೊರಗೆ ಬಂದು ಕೊಕ್ಕೆಯ ಹಿಡಿತದಲ್ಲಿ ಕಾಣುತ್ತಿತ್ತು. ರೈತ ಕೋವಿಯನ್ನು ಸ್ವಲ್ಪ ಬಲಕ್ಕೆ ವಾಲಿಸಿದ. ಒಂದು ಗಳಿಗೆ ಹಾಗೇ ಹಿಡಿದಿದ್ದ. ಆಮೇಲೆ ಬೋಲ್ಟನ್ನು ಮುಂದಕ್ಕೆ ತಳ್ಳಿದ. ತೋಟಾ ಬಂದ ದಾರಿಯಲ್ಲೇ ಒಳಗೆ ಹೋಯಿತು.

“ಯಾಕೆ ನಿಲ್ಲಿಸಿದ್ರಿ?” ಎಂದು ಆಚಾರಿ ಕೇಳಿದ.

“ನಾನೆಲ್ಲಿ ನಿಲ್ಲಿಸ್ದೆ?” ಎಂದ ರೈತ. ಅವನು ಸುಳ್ಳು ಹೇಳುತ್ತಿರಲಿಲ್ಲ.

ಆಚಾರಿ ಇನ್ನೊಮ್ಮೆ ಎಳೆಸಿದ. ಕೈ ಅಲ್ಲೇ ನಿಂತಿತು. ಮತ್ತೊಮ್ಮೆ ಎಳೆಸಿದ. ಅಲ್ಲೇ. ಒದೆಯುವ ಮೊಳೆ ಇರುವುದು ಆ ಕೊನೆಯ ಬೆರಳಗಲದಲ್ಲಿ. ಈ ಕೈ ಅಲ್ಲಿಯ ತನಕ ಹೋಗುತ್ತಲೇ ಇಲ್ಲ. ಮುಂದಿನ ತೋಟಾ ಮೇಲೆ ಬರಲಿಕ್ಕೂ ಬೋಲ್ಟ್ ಪೂರಾ ಹಿಂದೆ ಹೋಗಬೇಕು, ಅದೂ ಆಗುತ್ತಿಲ್ಲ.

ಆಚಾರಿ ಬಲಕ್ಕೆ ವಾಲಿದ ಕೋವಿಯನ್ನು ನೋಡಿ ಕೇಳಿದ. “ಇಷ್ಟು ವರ್ಷ ಈ ಖಾಲಿ ತೋಟಾ ತೆಗೀತಿದ್ದವರು ಯಾರು?”

ರೈತ ಕೋವಿಯನ್ನು ಇಳಿಸಿದ.

“ದೇಚು ತೆಗೀತಿದ್ಲು,” ಎಂದ.

ಮದುವೆಯಾದ ಹೊಸತು. ಸಂಜೆ ಗದ್ದೆಯ ಅಟ್ಟಣೆಯ ಮೇಲೆ ಹಂದಿ ಕಾಯಲು ಇಬ್ಬರೂ ಕೂರುತ್ತಿದ್ದರು. ಅವಳು ಅವನ ಬಲಕ್ಕೆ. ಮೊದಲ ದಿನವೇ ಕಾದ ಖಾಲಿ ತೋಟಾ ಹಾರಿ ಅವಳ ಕುತ್ತಿಗೆಗೆ ಬಿದ್ದು ಚರ್ಮ ಸುಟ್ಟಿತು. ಕೊನೆಯ ತನಕ ಆ ಕಲೆ ಹೋಗಲಿಲ್ಲ, ಮುದುಕಿಯಾದ ಮೇಲೂ ಇತ್ತು. ಮರುದಿನದಿಂದ ಅವನು ಬೋಲ್ಟನ್ನು ಪೂರಾ ಎಳೆಯುವುದನ್ನು ಬಿಟ್ಟ. ಒಂದು ಬೆರಳಗಲ ಉಳಿಸಿ ಕೋವಿಯನ್ನು ಅವಳ ಕಡೆ ವಾಲಿಸುತ್ತಿದ್ದ. ಅವಳು ಎರಡು ಬೆರಳಲ್ಲಿ ಖಾಲಿ ತೋಟಾ ಎತ್ತಿಕೊಂಡು ಅಂಗೈಯಲ್ಲಿ ಮುಚ್ಚಿ ಚಳಿ ಕಾಯಿಸಿಕೊಳ್ಳುತ್ತಿದ್ದಳು. ಅವಳು ಎತ್ತಿಕೊಂಡ ಮೇಲೆ ಅವನು ಉಳಿದದ್ದನ್ನು ಎಳೆದು ಮುಂದಕ್ಕೆ ತಳ್ಳುತ್ತಿದ್ದ. ನಲವತ್ತು ವರ್ಷ ಹೀಗೇ ನಡೆಯಿತು. ಅವನಿಗೆ ಅದು ಕೋವಿ ನಡೆಯುವ ರೀತಿಯೇ ಆಗಿಹೋಗಿತ್ತು.

ಆಚಾರಿಗೆ ಸಂಕಟವಾಯಿತು. ಅಂಗಳದಲ್ಲಿ ಆ ಬೆಳಗ್ಗೆ ಏನಾಯಿತೆಂದು ಅವನಿಗೆ ಈಗ ತಿಳಿಯಿತು. ಅವಳು ಸತ್ತಳೆಂದು ಹೇಳಲು ಹೊರಟ ಕೈ, ಅವಳು ಬಂದು ತೋಟಾ ಎತ್ತಿಕೊಳ್ಳಲಿ ಎಂದು ಕಾದು ನಿಂತಿತ್ತು.

ಅವನಿಗೆ ಗೊತ್ತಿದ್ದದ್ದು ಒಂದೇ ಭಾಷೆ, ರಿಪೇರಿಯದು. “ಇದೇನೂ ದೊಡ್ಡ ಕೆಲಸ ಅಲ್ಲ ಯಜಮಾನ್ರೇ,” ಎಂದ. “ಮೊಳೆ ಒಂದು ಬೆರಳಷ್ಟು ಉದ್ದ ಮಾಡ್ತೀನಿ. ನೀವು ಎಲ್ಲಿ ನಿಲ್ಲಿಸ್ತೀರೋ ಅಲ್ಲೇ ಒದ್ದು ಹಾಕ್ತದೆ.”

“ಬೇಡ ಬೇಡ!” ರೈತ ಗಾಬರಿಯಾಗಿ ಕೈ ಅಡ್ಡ ಹಿಡಿದ. “ಅವಳ ಕುತ್ತಿಗೆಗೆ ಬೀಳ್ತದೆ.”

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ಕೊಲಿಮೆಯ ಕಂಬಕ್ಕೆ ಒರಗಿ ನಿಂತ. ಆಚಾರಿ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. ಆ ಕೋವಿಗೆ ಅವನು ಮತ್ತೆ ಅರ ಮುಟ್ಟಿಸಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ರೈತನ ಅಂಗಳದಲ್ಲಿ ಜನ ಸೇರಿದರು. ತುಪ್ಪ ತಂದಿದ್ದ ಹೆಂಗಸೂ ಬಂದು ಒಂದು ಮೂಲೆಯಲ್ಲಿ ನಿಂತಿದ್ದಳು. ಆ ದಿನ ನಕ್ಕದ್ದಕ್ಕೆ ಅವಳಿಗೆ ಇನ್ನೂ ನಾಚಿಕೆಯಿತ್ತು. ಆಚಾರಿಯೂ ಕೊಲಿಮೆ ಮುಚ್ಚಿ ಬಂದಿದ್ದ. ಕೋವಿ ಸರಿಯಾಗಿದೆಯೇ ಎಂದು ಹಿರಿಯರು ಅವನನ್ನು ಕೇಳಿದರು. ಕೋವಿ ಸರಿಯಾಗಿದೆ ಎಂದ. ಈ ಸಲವೂ ಒಂದೇ ಗುಂಡು ಕೇಳಿಸಿದರೆ ಬೆಟ್ಟದಾಚೆಯವರು ಇನ್ನೊಂದು ಮಗು ಹುಟ್ಟಿತು ಎಂದುಕೊಳ್ಳುತ್ತಾರೆ, ಈ ಮುದುಕ ಇನ್ನು ಕೋವಿ ಹಿಡಿಯುವುದಿಲ್ಲ. ಅದು ಆಚಾರಿಗೆ ಗೊತ್ತಿತ್ತು.

ರೈತ ಅಂಗಳದ ನಡುವೆ ನಿಂತ. ಜನ ಅವನ ಹಿಂದೆಯೂ ಎಡಕ್ಕೂ ನಿಂತಿದ್ದರು. ಬಲಗಡೆ ಹುಲ್ಲು ಮಾತ್ರ ಇತ್ತು.

ಮೊದಲ ಗುಂಡು ಹಾರಿತು.

ರೈತ ಬೋಲ್ಟನ್ನು ಎಳೆದ. ಕೈ ನಿಂತಿತು. ಅದೇ ಜಾಗದಲ್ಲಿ, ಒಂದು ಬೆರಳಗಲ ಉಳಿಸಿ. ಕೋವಿ ತಾನಾಗಿ ಬಲಕ್ಕೆ ವಾಲಿತು. ಜನ ಕಾದರು. ಹಿರಿಯನೊಬ್ಬ ಗಂಟಲು ಸರಿಮಾಡಿಕೊಂಡ.

ರೈತ ಬಲಕ್ಕೆ ತಿರುಗಿದ. ಅಟ್ಟಣೆಯ ಮೇಲೆ ಹಂದಿಗೆ ಕೇಳಿಸದ ಹಾಗೆ ಮಾತಾಡುತ್ತಿದ್ದ ಆ ಸಣ್ಣ ದನಿಯಲ್ಲಿ ಹೇಳಿದ. “ದೇಚೂ, ಸ್ವಲ್ಪ ಸರ್ಕೋ. ಬಿಸಿ ಇದೆ.”

ಅವಳು ಸರಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ. ಆಮೇಲೆ ಪೂರಾ ಎಳೆದ. ಖಾಲಿ ತೋಟಾ ಹಾರಿ ಹುಲ್ಲಿನ ಮೇಲೆ ಬಿತ್ತು. ಯಾರ ಮೇಲೂ ಬೀಳಲಿಲ್ಲ. ಅಲ್ಲಿ ಯಾರೂ ಇರಲಿಲ್ಲ.

ಎರಡನೆಯ ಗುಂಡು ಹಾರಿತು.

ಗುಡ್ಡ ಗುಡ್ಡದಲ್ಲೂ ಜನ ಎದ್ದು ನಿಂತರು. ದೇಚವ್ವ ಹೋದಳೆಂದು ನಾಡಿಗೆಲ್ಲ ಗೊತ್ತಾಯಿತು. ಮುದುಕನಿಗೂ ಗೊತ್ತಾಯಿತು. ಅವನು ಅಂಗಳದಲ್ಲೇ ಕುಸಿದು ಕುಳಿತು ಬಾಯಿಬಿಟ್ಟು ಅತ್ತ. ಹನ್ನೊಂದು ದಿನದಲ್ಲಿ ಅವನು ಅತ್ತದ್ದನ್ನು ಜನ ಕಂಡದ್ದು ಅದೇ ಮೊದಲು. ಆಚಾರಿ ಹುಲ್ಲಿನಲ್ಲಿ ಹುಡುಕಿ ಖಾಲಿ ತೋಟಾ ಎತ್ತಿಕೊಂಡು ಬಂದು ಅವನ ಅಂಗೈಯಲ್ಲಿಟ್ಟ. ಇನ್ನೂ ಬೆಚ್ಚಗಿತ್ತು. ರೈತ ಅದು ತಣ್ಣಗಾಗುವ ತನಕ ಹಿಡಿದುಕೊಂಡಿದ್ದು ಆಮೇಲೆ ಕೆಳಗಿಟ್ಟ.

ಕತೆ ಮುಗಿಸಿ ಗುರುಗಳು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು.

“ಹಾಗಾದರೆ ಕೋವಿಗೆ ಏನೂ ಆಗಿರಲಿಲ್ಲ,” ಎಂದ ಶಿಷ್ಯ.

ಗುರುಗಳು ಒಂದು ಬೀಜ ಬಿಡಿಸಿ ಪಕ್ಕಕ್ಕಿಟ್ಟರು. “ನಿನ್ನ ಮಂತ್ರಕ್ಕೂ ಏನೂ ಆಗಿಲ್ಲ; ಸ್ವಲ್ಪ ಸರಿದು ಚಾಪೆಯ ನಡುವೆ ಕೂತುಕೋ,” ಎಂದರು.

ಶಿಷ್ಯ ತನ್ನ ಬಲಕ್ಕೆ ನೋಡಿದ. ಜೊತೆಯವನು ಕೂರುತ್ತಿದ್ದ ಅರ್ಧ ಚಾಪೆ ಖಾಲಿ ಇತ್ತು.